ಪರೀಕ್ಷೆಗೊಳಪಡದ ಅಂಕಿ: ಸೊಲ್ಲಾಪುರದ ರನ್‌ವೇಯ ಲೆಕ್ಕ

ಒಂದು ರನ್‌ವೇ ಗಂಟೆಗೆ ಎಷ್ಟು ವಿಮಾನಗಳನ್ನು ಸುರಕ್ಷಿತವಾಗಿ ಇಳಿಸಿಕೊಂಡು, ಎಷ್ಟನ್ನು ಮೇಲಕ್ಕೆ ಕಳಿಸಬಲ್ಲದು ಎಂಬ ಪ್ರಶ್ನೆಗೆ ಗಣಿತದ ಮಾದರಿ ಕೊಡುವ ಉತ್ತರವನ್ನು, ಆ ರನ್‌ವೇಯ ಉದ್ದ ಅಗಲಗಳಂತೆಯೇ ಅಳೆದು ಪಡೆದ ಸತ್ಯವೆಂದು ಭಾವಿಸುವ ಅಭಿಪ್ರಾಯ ಯೋಜನಾ ವರದಿಗಳಲ್ಲೂ ರಾಜಕೀಯ ಭಾಷಣಗಳಲ್ಲೂ ಪತ್ರಿಕೆಗಳ ಸುದ್ದಿಯಲ್ಲೂ ಗಟ್ಟಿಯಾಗಿ ನೆಲೆಸಿದೆ. ಈ ಅಭಿಪ್ರಾಯದ ಬೆನ್ನಿಗೆ ಒಂದು ಉಪಸಿದ್ಧಾಂತವೂ ಇದೆ: ಮಾದರಿ ಹೇಳಿದ ಸಂಖ್ಯೆಯನ್ನು ನಿಲ್ದಾಣದಲ್ಲಿ ನಡೆದ ವಿಮಾನ ಸಂಚಾರದ ಎಣಿಕೆ ಸುಳ್ಳುಮಾಡದಿದ್ದರೆ ಮಾದರಿ ನಿಖರವೆಂದು ಸಾಬೀತಾದಂತೆಯೇ ಎಂಬುದು ಅದರ ಸಾರ. ಈ ಎರಡೂ ತಪ್ಪು. ಮೊದಲನೆಯದು ಷರತ್ತಿಗೊಳಪಟ್ಟ ಅಂದಾಜನ್ನು ವಸ್ತುವಿನ ಗುಣವೆಂದು ತಿಳಿಯುತ್ತದೆ. ಎರಡನೆಯದು ಪರೀಕ್ಷೆಯಲ್ಲದ್ದನ್ನು ಪರೀಕ್ಷೆಯೆಂದು ಕರೆಯುತ್ತದೆ. ಈ ತಪ್ಪಿನ ಬೆಲೆಯನ್ನು ವರದಿ ಬರೆದವರು ತೆರುವುದಿಲ್ಲ. ಜಮೀನು ಬಿಟ್ಟುಕೊಟ್ಟವರು, ತೆರಿಗೆ ಕಟ್ಟಿದವರು, ಟಿಕೆಟ್ ಕೊಂಡು ಕಾದವರು ತೆರುತ್ತಾರೆ. ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಜನರಿಗೆ ಇದು ದೂರದ ತಾಂತ್ರಿಕ ವಿವಾದವಲ್ಲ.

ಮೊದಲು ಲೆಕ್ಕದ ಸ್ವರೂಪವನ್ನು ತಿಳಿಯಬೇಕು. ಒಂದು ಇಳಿತವನ್ನಾಗಲಿ ಒಂದು ಏರಿಕೆಯನ್ನಾಗಲಿ ಒಂದು ‘ಸಂಚಾರ’ ಎಂದು ಎಣಿಸಿದರೆ, ಬೇಡಿಕೆ ಎಂದೂ ಬರಿದಾಗದೆ ವಿಮಾನಗಳು ಸಾಲುಗಟ್ಟಿ ನಿಂತಿವೆ ಎಂಬ ಊಹೆಯಲ್ಲಿ, ಸುರಕ್ಷತೆಯ ನಿಯಮಗಳನ್ನು ಮೀರದೆ ಒಂದು ಗಂಟೆಯಲ್ಲಿ ನಡೆಯಬಹುದಾದ ಸಂಚಾರಗಳ ಸಂಖ್ಯೆಯೇ ರನ್‌ವೇ ಸಾಮರ್ಥ್ಯ. ಆಲ್ಫ್ರೆಡ್ ಬ್ಲೂಮ್‌ಸ್ಟೈನ್ 1959ರಲ್ಲಿ ಪ್ರಕಟಿಸಿದ ಲೇಖನ ಈ ಲೆಕ್ಕಕ್ಕೆ ಅಡಿಪಾಯ ಹಾಕಿತು. ಒಂದರ ಹಿಂದೊಂದು ಬರುವ ಎರಡು ವಿಮಾನಗಳ ನಡುವೆ ಇರಬೇಕಾದ ಕನಿಷ್ಠ ಅಂತರ, ಅವುಗಳ ವೇಗ, ಎರಡೂ ಹಂಚಿಕೊಳ್ಳುವ ಇಳಿದಾರಿಯ ಉದ್ದ ಮತ್ತು ಮುಂದಿನ ವಿಮಾನ ರನ್‌ವೇಯನ್ನು ತೆರವು ಮಾಡಲು ಹಿಡಿಯುವ ಹೊತ್ತು, ಇಷ್ಟೇ ಅದರ ಮೂಲದ್ರವ್ಯ. 1970ರ ದಶಕದ ಆರಂಭದಲ್ಲಿ ಅಮೆರಿಕದ ಮೈಟರ್ ಸಂಸ್ಥೆಯ ಹ್ಯಾರಿಸ್, ವಿಮಾನಗಳು ನಿಗದಿತ ಕ್ಷಣಕ್ಕೆ ಸರಿಯಾಗಿ ಬರುವುದಿಲ್ಲ ಎಂಬ ವಾಸ್ತವವನ್ನು ಲೆಕ್ಕಕ್ಕೆ ಸೇರಿಸಿ, ಆ ಅನಿಶ್ಚಿತತೆಗೆ ತಕ್ಕಷ್ಟು ಹೆಚ್ಚುವರಿ ಅಂತರವನ್ನು ಕಾಯ್ದಿರಿಸುವ ಕ್ರಮವನ್ನು ರೂಪಿಸಿದರು. ಅಮೆರಿಕದ ವಿಮಾನಯಾನ ಆಡಳಿತ 1983ರಲ್ಲಿ ಹೊರಡಿಸಿದ ಸಲಹಾ ಸುತ್ತೋಲೆ ಈ ಪರಂಪರೆಯನ್ನು ನಕ್ಷೆ ಕೋಷ್ಟಕಗಳ ರೂಪಕ್ಕೆ ಇಳಿಸಿತು, ಮತ್ತು ಯೋಜಕರು ದಶಕಗಳ ಕಾಲ ಅದನ್ನೇ ಕೈಪಿಡಿಯಾಗಿ ಬಳಸಿದರು.

ಈ ಲೆಕ್ಕ ಎಷ್ಟು ಸೂಕ್ಷ್ಮವೆಂಬುದನ್ನು ಸರಳ ಅಂಕಗಣಿತವೇ ತೋರಿಸುತ್ತದೆ. 140 ನಾಟ್ ವೇಗದಲ್ಲಿ ಬರುವ ವಿಮಾನಗಳ ನಡುವೆ 3 ನಾಟಿಕಲ್ ಮೈಲು ಅಂತರವಿದ್ದರೆ 77 ಸೆಕೆಂಡಿಗೊಂದು ವಿಮಾನ ಇಳಿಯಬಹುದು, ಅಂದರೆ ಗಂಟೆಗೆ ಸುಮಾರು 46. ಆದರೆ ಮುಂದಿನದು 136 ಟನ್ನಿಗಿಂತ ಭಾರದ ದೊಡ್ಡ ವಿಮಾನ, ಹಿಂದಿನದು ಮಧ್ಯಮ ಗಾತ್ರದ್ದು ಎಂದಾದರೆ, ಭಾರೀ ರೆಕ್ಕೆಗಳ ಹಿಂದೆ ಏಳುವ ಗಾಳಿಯ ಸುಳಿಗೆ ಸಿಕ್ಕಬಾರದೆಂದು 5 ನಾಟಿಕಲ್ ಮೈಲು ಬಿಡಬೇಕು, ಆಗ ಅದೇ ಲೆಕ್ಕ ಗಂಟೆಗೆ 28ಕ್ಕೆ ಇಳಿಯುತ್ತದೆ. ರನ್‌ವೇ ಬದಲಾಗಿಲ್ಲ, ಕಾಂಕ್ರೀಟು ಡಾಂಬರು ಬದಲಾಗಿಲ್ಲ. ಬದಲಾದದ್ದು ಯಾವ ವಿಮಾನದ ಹಿಂದೆ ಯಾವುದು ಬಂತು ಎಂಬುದು ಮಾತ್ರ. ಹೀಗಿರುವಾಗ ‘ಈ ರನ್‌ವೇಯ ಸಾಮರ್ಥ್ಯ ಇಷ್ಟು’ ಎಂದು ಷರತ್ತುಗಳನ್ನು ಹೇಳದೆ ಒಂದೇ ಅಂಕಿ ಮುಂದಿಡುವ ವಾಕ್ಯ ಅರ್ಧ ವಾಕ್ಯವೇ ಸರಿ.

ಇನ್ನು ಸೊಲ್ಲಾಪುರಕ್ಕೆ ಬರಬೇಕು. ಹೊಟಗಿ ರಸ್ತೆಯ ವಿಮಾನ ನಿಲ್ದಾಣ ಹೊಸದಲ್ಲ. ಹಿಂದೆ ಕಿಂಗ್‌ಫಿಷರ್ ಸಂಸ್ಥೆ ಅಲ್ಲಿಂದ ಕೆಲಕಾಲ ಹಾರಾಟ ನಡೆಸಿ ನಿಲ್ಲಿಸಿತ್ತು. ಆ ನಂತರ ಬಹುಕಾಲ ರನ್‌ವೇ ಇದ್ದೂ ನಿಯತ ಸಂಚಾರ ಇರಲಿಲ್ಲ. ಸಮೀಪದ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಸಹವಿದ್ಯುತ್ ಘಟಕದ ಎತ್ತರದ ಚಿಮಣಿ ವಿಮಾನಗಳ ದಾರಿಗೆ ಅಡ್ಡಿ ಎಂಬ ವಾದ ವರ್ಷಗಟ್ಟಲೆ ಕಚೇರಿ ನ್ಯಾಯಾಲಯಗಳಲ್ಲಿ ನಡೆದು, ಕೊನೆಗೆ 15 ಜೂನ್ 2023ರಂದು ಆ ಚಿಮಣಿಯನ್ನು ಕೆಡವಲಾಯಿತು. 29 ಸೆಪ್ಟೆಂಬರ್ 2024ರಂದು ಪ್ರಧಾನಮಂತ್ರಿ ನವೀಕೃತ ನಿಲ್ದಾಣವನ್ನು ಉದ್ಘಾಟಿಸಿದಾಗ, ಟರ್ಮಿನಲ್ ವರ್ಷಕ್ಕೆ ಸುಮಾರು 4.1 ಲಕ್ಷ ಪ್ರಯಾಣಿಕರಿಗೆ ಸೇವೆ ಒದಗಿಸಬಲ್ಲದು ಎಂದು ಸರ್ಕಾರದ ಪ್ರಕಟಣೆ ತಿಳಿಸಿತು. ಮೊದಲ ನಿಯತ ವಿಮಾನ, ಗೋವಾಕ್ಕೆ ಹೋಗುವ ಫ್ಲೈ91 ಸಂಸ್ಥೆಯದು, ಹಾರಿದ್ದು 9 ಜೂನ್ 2025ರಂದು. ಮುಂಬೈಗೆ ಸ್ಟಾರ್ ಏರ್ ಸಂಸ್ಥೆಯ ಸೇವೆ ಆರಂಭವಾದದ್ದು 15 ಅಕ್ಟೋಬರ್ 2025ರಂದು. ಅಂದರೆ ಸಾಮರ್ಥ್ಯದ ಅಂಕಿ ಘೋಷಣೆಯಾಗಿ ಎಂಟು ತಿಂಗಳು ಕಳೆಯುವವರೆಗೆ ನಿಯತ ಸಂಚಾರ ಸೊನ್ನೆ.

ಈ ಸೊನ್ನೆ ಆ ಅಂಕಿಯನ್ನು ಸುಳ್ಳೆಂದು ತೋರಿಸಿತೇ? ಇಲ್ಲ. ಮುಂದೆ ದಿನಕ್ಕೆ ಹಾರಿದ ಕೆಲವೇ ವಿಮಾನಗಳು ಅದನ್ನು ನಿಜವೆಂದು ತೋರಿಸಿದವೇ? ಅದೂ ಇಲ್ಲ. ಬೇಡಿಕೆ ಮಿತಿಯನ್ನು ಮುಟ್ಟದ ಕಡೆ ಎಣಿಕೆ ಹೇಳುವುದು ಬೇಡಿಕೆಯನ್ನು, ಸಾಮರ್ಥ್ಯವನ್ನಲ್ಲ. ಸೊಲ್ಲಾಪುರದ ಬಳಿಯ ಎಕ್ರೂಖ್ ಕೆರೆ ಅರ್ಧ ತುಂಬಿದ ವರ್ಷ ಅದರ ಕೋಡಿ ಎಷ್ಟು ನೀರನ್ನು ಹೊರಹಾಕಬಲ್ಲದು ಎಂದು ಯಾರೂ ತೀರ್ಮಾನಿಸುವುದಿಲ್ಲ. ಕೋಡಿ ಬಿದ್ದ ದಿನವೇ ಅದರ ಪರೀಕ್ಷೆ. ಮಾದರಿ ಗಂಟೆಗೆ 6 ಎಂದಿದ್ದರೂ 16 ಎಂದಿದ್ದರೂ 26 ಎಂದಿದ್ದರೂ ದಿನಕ್ಕೆ ನಾಲ್ಕಾರು ಸಂಚಾರಗಳ ದಾಖಲೆ ಮೂರಕ್ಕೂ ಸಮಾನವಾಗಿ ಹೊಂದಿಕೊಳ್ಳುತ್ತದೆ. ಎಲ್ಲ ಉತ್ತರಗಳಿಗೂ ಹೊಂದುವ ಸಾಕ್ಷ್ಯ ಯಾವ ಉತ್ತರಕ್ಕೂ ಸಾಕ್ಷ್ಯವಲ್ಲ ಎಂಬ ತರ್ಕದ ಪ್ರಾಥಮಿಕ ನಿಯಮವನ್ನು ಮರೆತಾಗಲೇ ‘ಈವರೆಗೆ ಯಾವ ತೊಂದರೆಯೂ ಬಂದಿಲ್ಲ, ಆದ್ದರಿಂದ ಅಂದಾಜು ಸರಿ’ ಎಂಬ ಸಮಾಧಾನ ಹುಟ್ಟುತ್ತದೆ.

ಪೂರ್ವಪಕ್ಷದವರು ಇಲ್ಲಿ ಸಂಚಾರ ದಟ್ಟವಾಗಿರುವ ನಿಲ್ದಾಣಗಳತ್ತ ಬೊಟ್ಟು ಮಾಡುತ್ತಾರೆ. ಮುಂಬೈಯಲ್ಲಿ ಬೇಡಿಕೆಗೆ ಕೊರತೆಯಿಲ್ಲ, ಅಲ್ಲಿನ ದಾಖಲೆಯ ಎಣಿಕೆಯೇ ಸಾಮರ್ಥ್ಯದ ನೇರ ಅಳತೆಯಲ್ಲವೇ ಎಂಬುದು ಅವರ ವಾದ. ಒಂದನ್ನೊಂದು ಕತ್ತರಿಸುವ ಎರಡು ರನ್‌ವೇಗಳಿರುವುದರಿಂದ ಒಂದು ಹೊತ್ತಿಗೆ ಒಂದನ್ನೇ ಮುಖ್ಯವಾಗಿ ಬಳಸಬೇಕಾದ ಮುಂಬೈ ನಿಲ್ದಾಣ 8 ಡಿಸೆಂಬರ್ 2018ರಂದು 24 ಗಂಟೆಗಳಲ್ಲಿ 1,007 ಸಂಚಾರಗಳನ್ನು ನಿರ್ವಹಿಸಿತು. ಸರಾಸರಿ ಗಂಟೆಗೆ 42. ಇದು ನಿಯಂತ್ರಕರ ಕೌಶಲಕ್ಕೆ ಸಲ್ಲಬೇಕಾದ ಗೌರವ. ಆದರೆ ಫೆಬ್ರವರಿ 2024ರಲ್ಲಿ ಕೇಂದ್ರ ವಿಮಾನಯಾನ ಸಚಿವಾಲಯ ಅದೇ ನಿಲ್ದಾಣದ ಮಿತಿಯನ್ನು ಅತಿ ದಟ್ಟಣೆಯ ಗಂಟೆಗಳಲ್ಲಿ 46ರಿಂದ 44ಕ್ಕೂ ಉಳಿದ ಗಂಟೆಗಳಲ್ಲಿ 44ರಿಂದ 42ಕ್ಕೂ ಇಳಿಸಿತು, ಏಕೆಂದರೆ ವಿಮಾನಗಳು ಇಳಿಯಲು ಸರದಿ ಸಿಗದೆ 40ರಿಂದ 60 ನಿಮಿಷ ನಗರದ ಮೇಲೆ ಸುತ್ತುತ್ತಿದ್ದವು, 40 ನಿಮಿಷದ ಸುತ್ತಿಗೆ ಸುಮಾರು 1.7 ಕಿಲೋಲೀಟರ್ ಇಂಧನ ಸುಡುತ್ತಿತ್ತು. ರನ್‌ವೇ ಅದೇ, ನಿಯಂತ್ರಕರು ಅವರೇ. ಆದರೂ ಸಾಮರ್ಥ್ಯದ ಅಂಕಿ ಕೆಳಗಿಳಿಯಿತು. ಎಷ್ಟು ಕಾಯುವಿಕೆಯನ್ನು ಸಹಿಸಬಹುದು ಎಂಬ ನಿರ್ಧಾರವೂ ಆ ಅಂಕಿಯೊಳಗೆ ಅಡಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ದಾಖಲೆಯ ದಿನದ ಎಣಿಕೆ ಅತ್ಯುತ್ತಮ ದಿನದ ಅಳತೆ. ಪ್ರತಿದಿನವೂ ನಂಬಬಹುದಾದ ಸಾಮರ್ಥ್ಯದ ಅಳತೆಯಲ್ಲ.

ಈ ತೊಡಕನ್ನು ಬಲ್ಲ ಸಂಶೋಧಕರು ಗರಿಷ್ಠ ಎಣಿಕೆಯನ್ನು ಕಣ್ಣುಮುಚ್ಚಿ ಒಪ್ಪಿಕೊಂಡವರಲ್ಲ. ಯೂಜೀನ್ ಗಿಲ್ಬೋ 1993ರಲ್ಲಿ ಇಳಿತಗಳನ್ನು ಒಂದು ಅಕ್ಷದಲ್ಲಿ, ಏರಿಕೆಗಳನ್ನು ಇನ್ನೊಂದರಲ್ಲಿ ಗುರುತಿಸಿ, ಕಂಡ ಬಿಂದುಗಳ ಹೊರಅಂಚನ್ನು ಸಾಮರ್ಥ್ಯದ ರೇಖೆಯೆಂದು ಎಳೆಯುವ ವಿಧಾನವನ್ನು ವಿವರಿಸಿದಾಗ, ಅಪರೂಪಕ್ಕೆ ಕಂಡ ತೀರಾ ಎತ್ತರದ ಬಿಂದುಗಳನ್ನು ಬಿಟ್ಟುಬಿಡುವ ಎಚ್ಚರವನ್ನೂ ಅದರಲ್ಲಿ ಸೇರಿಸಿದ್ದರು. ಇಳಿತ ಹೆಚ್ಚಾದರೆ ಏರಿಕೆ ಕಡಿಮೆಯಾಗುತ್ತದೆ, ಆದ್ದರಿಂದ ಸಾಮರ್ಥ್ಯ ಒಂದು ಅಂಕಿಯಲ್ಲ, ಒಂದು ರೇಖೆ ಎಂಬುದು ಆ ವಿಧಾನದ ಮುಖ್ಯ ತಿಳಿವಳಿಕೆ. ವಿದ್ವಾಂಸರು ರೇಖೆಯನ್ನು ಕೊಟ್ಟರು. ಆಡಳಿತ ಅದರಿಂದ ಒಂದು ಬಿಂದುವನ್ನು ಕಿತ್ತುಕೊಂಡು ಅದನ್ನೇ ಸತ್ಯವೆಂದು ಸಾರಿತು. ಖಂಡಿಸಬೇಕಾದದ್ದು ಮಾದರಿಗಳನ್ನಲ್ಲ, ಈ ಬಳಕೆಯನ್ನು.

ಮಾದರಿ ಪರಿಣತರಲ್ಲೂ ಒಂದು ದೋಷ ವ್ಯಾಪಕವಾಗಿದೆ, ಅದನ್ನೂ ಹೆಸರಿಸಿ ಹೇಳಬೇಕು. ಮಾದರಿಯ ಉತ್ತರ ವಾಸ್ತವದ ಎಣಿಕೆಗೆ ಹೊಂದದಿದ್ದಾಗ ಅದರೊಳಗಿನ ಮೌಲ್ಯಗಳನ್ನು, ಅಂದರೆ ರನ್‌ವೇ ತೆರವಿನ ಹೊತ್ತನ್ನೋ ಹೆಚ್ಚುವರಿ ಅಂತರವನ್ನೋ, ಸ್ವಲ್ಪ ಸ್ವಲ್ಪವೇ ಬದಲಿಸಿ ಉತ್ತರವನ್ನು ಎಣಿಕೆಗೆ ಸರಿಹೊಂದಿಸುವುದು ನ್ಯಾಯವಾದ ಕೆಲಸ. ಅದನ್ನು ಶ್ರುತಿಗೊಳಿಸುವುದು ಎನ್ನಬಹುದು. ಆದರೆ ಹಾಗೆ ಸರಿಹೊಂದಿಸಿದ ಮಾದರಿ ಅದೇ ಎಣಿಕೆಗೆ ಹೊಂದಿತು ಎಂದು ಬರೆದು, ಅದನ್ನು ನಿಖರತೆಯ ಪುರಾವೆಯಾಗಿ ವರದಿಯಲ್ಲಿ ಸೇರಿಸುವುದು ನ್ಯಾಯವಲ್ಲ. ಪರೀಕ್ಷೆ ಎಂದು ಕರೆಯಿಸಿಕೊಳ್ಳಬೇಕಾದರೆ ಮಾದರಿ ಎಂದೂ ನೋಡದ ದಿನಗಳ, ಸಾಧ್ಯವಾದರೆ ಎಂದೂ ನೋಡದ ನಿಲ್ದಾಣದ ದಾಖಲೆಯನ್ನು ಅದು ಮುಂಚಿತವಾಗಿ ಹೇಳಬೇಕು, ಮತ್ತು ಹೇಳಿದ್ದು ತಪ್ಪಾದಾಗ ತಪ್ಪಿನ ಪ್ರಮಾಣ ಪ್ರಕಟವಾಗಬೇಕು. ಕಂಪ್ಯೂಟರಿಗೆ ರಾಶಿ ರಾಶಿ ದತ್ತಾಂಶ ಉಣಿಸಿ ಅದರಿಂದಲೇ ಸಾಮರ್ಥ್ಯವನ್ನು ಕಲಿಸುವ ಹೊಸ ವಿಧಾನಗಳೂ ಈ ನಿಯಮಕ್ಕೆ ಹೊರತಲ್ಲ. ಬಿಡುವಾಗಿರುವ ಗಂಟೆಗಳ ದಾಖಲೆಯಿಂದ ಕಲಿತ ಯಂತ್ರ ಕಲಿಯುವುದು ವಿಮಾನ ಕಂಪನಿಗಳ ವೇಳಾಪಟ್ಟಿಯನ್ನೇ ಹೊರತು ರನ್‌ವೇಯ ಮಿತಿಯನ್ನಲ್ಲ.

ಅಮೆರಿಕದ ಕೋಷ್ಟಕಗಳನ್ನು ಇಲ್ಲಿಗೆ ಹಾಗೆಯೇ ತಂದು ಹಚ್ಚುವುದು ಏಕೆ ಅಪಾಯಕಾರಿ ಎಂಬುದು ಸಣ್ಣ ನಿಲ್ದಾಣಗಳಲ್ಲೇ ಹೆಚ್ಚು ಸ್ಪಷ್ಟವಾಗುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ರನ್‌ವೇಗೆ ಸಮಾನಾಂತರವಾಗಿ ಟ್ಯಾಕ್ಸಿವೇ, ಅಂದರೆ ವಿಮಾನ ನೆಲದ ಮೇಲೆ ಸಾಗುವ ಪಕ್ಕದ ದಾರಿ ಇರುತ್ತದೆ. ಇಳಿದ ವಿಮಾನ ಸುಮಾರು 50 ಸೆಕೆಂಡುಗಳಲ್ಲಿ ಓರೆದಾರಿಯಿಂದ ಹೊರಬೀಳುತ್ತದೆ. ಆ ಪಕ್ಕದ ದಾರಿ ಇಲ್ಲದ ಕಡೆ ವಿಮಾನ ತುದಿಯವರೆಗೆ ಓಡಿ, ಅಲ್ಲಿ ತಿರುಗಿ, ಅದೇ ರನ್‌ವೇಯ ಮೇಲೆ ಹಿಂದಿರುಗಿ ಏಪ್ರನ್ ಎಂಬ ನಿಲುಗಡೆ ಅಂಗಳವನ್ನು ಸೇರಬೇಕು, ಹೊರಡುವ ವಿಮಾನವೂ ಹಾಗೆಯೇ ರನ್‌ವೇಯನ್ನೇ ನಡೆದು ತುದಿಗೆ ಹೋಗಬೇಕು. ಸೊಲ್ಲಾಪುರದಷ್ಟೇ, ಅಂದರೆ ಸುಮಾರು 2,000 ಮೀಟರ್ ಉದ್ದದ ರನ್‌ವೇಯ ನಡುಭಾಗದಿಂದ ಏಪ್ರನ್‌ಗೆ ದಾರಿಯಿದೆ ಎಂದು ಭಾವಿಸೋಣ. ಇಳಿದು ತುದಿ ಮುಟ್ಟಲು 60 ಸೆಕೆಂಡು, ತಿರುಗಲು 40, ಏರಲು 50 ಎಂದು ಹಿಡಿದು, 1,000 ಮೀಟರನ್ನು ವಿಮಾನ 10 ನಾಟ್ ವೇಗದಲ್ಲಿ ಹಿಂದಿರುಗುತ್ತದೆ ಎಂದರೆ, ಒಂದು ಇಳಿತ ಒಂದು ಏರಿಕೆಯ ಜೋಡಿಗೆ ರನ್‌ವೇ ಸುಮಾರು 578 ಸೆಕೆಂಡು ಮುಚ್ಚಿರುತ್ತದೆ, ಗಂಟೆಗೆ 12 ಸಂಚಾರ ಸಾಧ್ಯ. 20 ನಾಟ್ ಎಂದರೆ 384 ಸೆಕೆಂಡು, ಗಂಟೆಗೆ 18 ಸಂಚಾರ. ಆಕಾಶದಲ್ಲಿ ಬಿಡಬೇಕಾದ ಅಂತರವನ್ನು ಸೇರಿಸುವ ಮೊದಲೇ, ನೆಲದ ಮೇಲಿನ ನಡಿಗೆಯ ವೇಗವೆಂಬ ಒಂದೇ ಒಂದು ಊಹೆ ಉತ್ತರವನ್ನು ಒಂದೂವರೆ ಪಟ್ಟು ಬದಲಿಸಿತು. ಈ ವೇಗವನ್ನು ಅಳೆಯಲು ಕೋಟಿಗಟ್ಟಲೆ ಹಣ ಬೇಡ. ನಿಯಂತ್ರಣ ಗೋಪುರದ ದಾಖಲೆ ಸಾಕು, ಗಡಿಯಾರ ಹಿಡಿದ ಒಬ್ಬ ಎಂಜಿನಿಯರ್ ಸಾಕು.

ಸಂಚಾರ ದಟ್ಟವಾಗಿಲ್ಲದ ಕಡೆ ಮಾದರಿಯನ್ನು ಪರೀಕ್ಷಿಸುವ ನಿಜವಾದ ದಾರಿಯೂ ಇದರಲ್ಲೇ ಇದೆ. ಒಟ್ಟು ಉತ್ತರವನ್ನು ಪರೀಕ್ಷಿಸಲಾಗದಿದ್ದರೆ ಅದರ ಅಂಗಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು. ದಿನಕ್ಕೆ ಎರಡೇ ವಿಮಾನ ಬಂದರೂ ಪ್ರತಿಯೊಂದೂ ರನ್‌ವೇಯನ್ನು ಎಷ್ಟು ಸೆಕೆಂಡು ಹಿಡಿದಿಟ್ಟಿತು, ಏಪ್ರನ್ನಿನಲ್ಲಿ ಎಷ್ಟು ನಿಮಿಷ ನಿಂತಿತು, ಮೋಡ ಅಥವಾ ಮಬ್ಬಿನಿಂದ ಎಷ್ಟು ದಿನ ಇಳಿಯಲಾಗದೆ ಹಿಂದಿರುಗಿತು ಎಂಬುದು ನೂರಾರು ಅಳತೆಗಳಾಗಿ ಒಂದೇ ವರ್ಷದಲ್ಲಿ ಕೂಡುತ್ತದೆ. ಏಪ್ರನ್ನಿನಲ್ಲಿ ಎರಡೇ ಜಾಗಗಳಿದ್ದು, ಒಂದೊಂದು ವಿಮಾನ 30 ನಿಮಿಷ ನಿಲ್ಲುವುದಾದರೆ, ರನ್‌ವೇ ಗಂಟೆಗೆ 18 ಸಂಚಾರ ತಾಳಿದರೂ ನಿಲ್ದಾಣ ಗಂಟೆಗೆ ನಾಲ್ಕು ವಿಮಾನಗಳಿಗಿಂತ ಹೆಚ್ಚನ್ನು ಸ್ವೀಕರಿಸಲಾರದು. ಸಮುದ್ರಮಟ್ಟದಿಂದ ಸುಮಾರು 480 ಮೀಟರ್ ಎತ್ತರದಲ್ಲಿರುವ ಸೊಲ್ಲಾಪುರದ ಬಿಸಿಲು 42 ಡಿಗ್ರಿ ಮುಟ್ಟಿದ ಮಧ್ಯಾಹ್ನ ಗಾಳಿ ತೆಳುವಾಗಿ, ವಿಮಾನದ ರೆಕ್ಕೆಗೆ ಆ ನೆಲ ಸುಮಾರು 1,500 ಮೀಟರಿಗೂ ಎತ್ತರದ ಬೆಟ್ಟದಂತೆ ವರ್ತಿಸುತ್ತದೆ. ಆಗ ಸಂಚಾರದ ಸಂಖ್ಯೆ ಕಡಿಮೆಯಾಗದಿದ್ದರೂ ಪ್ರತಿ ಸಂಚಾರ ಹೊರಬಲ್ಲ ತೂಕ ಕಡಿಮೆಯಾಗಬಹುದು. ಈ ಯಾವುದನ್ನೂ ಹೇಳದ ‘ಸಾಮರ್ಥ್ಯ’ ಸೊಲ್ಲಾಪುರದ ಸಾಮರ್ಥ್ಯವಲ್ಲ, ಎಲ್ಲಿಯದೋ ಒಂದು ಕಾಲ್ಪನಿಕ ರನ್‌ವೇಯದು.

ಟರ್ಮಿನಲ್ಲಿನ 4.1 ಲಕ್ಷವನ್ನು ರನ್‌ವೇಯ ಭಾಷೆಗೆ ಇಳಿಸಿ ನೋಡಿದರೆ ಗೊಂದಲದ ಇನ್ನೊಂದು ಮುಖ ಕಾಣುತ್ತದೆ. ವರ್ಷಕ್ಕೆ 4.1 ಲಕ್ಷ ಎಂದರೆ ದಿನಕ್ಕೆ ಸುಮಾರು 1,120 ಜನ. 76 ಆಸನಗಳ ವಿಮಾನದಲ್ಲಿ ನೂರಕ್ಕೆ 80 ಆಸನ ತುಂಬಿದರೆ ಒಂದು ಸಂಚಾರಕ್ಕೆ 61 ಜನ, ಅಂದರೆ ದಿನಕ್ಕೆ ಸುಮಾರು 18 ಸಂಚಾರ, ಒಂಬತ್ತು ಇಳಿತ, ಒಂಬತ್ತು ಏರಿಕೆ. ಮೇಲಿನ ಲೆಕ್ಕದ ಕೀಳಂದಾಜಿನ ಪ್ರಕಾರವೂ ರನ್‌ವೇ ಇದನ್ನು ಒಂದೂವರೆ ಗಂಟೆಯಲ್ಲಿ ಮುಗಿಸಬಲ್ಲದು. ಹಾಗಾದರೆ ಅಡಚಣೆ ಇರುವುದು ರನ್‌ವೇಯ ಗಂಟೆಯ ಸಾಮರ್ಥ್ಯದಲ್ಲಲ್ಲ. ಅದು ಏಪ್ರನ್ನಿನಲ್ಲಿ, ರಾತ್ರಿ ಮತ್ತು ಮಳೆಗಾಲದ ಇಳಿತದ ವ್ಯವಸ್ಥೆಯಲ್ಲಿ, ಮುಂಬೈಯಂಥ ದೂರದ ನಿಲ್ದಾಣದಲ್ಲಿ ಸಿಗುವ ಸರದಿಯಲ್ಲಿ ಇರಬಹುದು. ನೆರೆಯ ಕಲಬುರಗಿಯ ನಿಲ್ದಾಣ 22 ನವೆಂಬರ್ 2019ರಂದು 3 ಸಾವಿರ ಮೀಟರಿಗೂ ಉದ್ದದ ರನ್‌ವೇಯೊಂದಿಗೆ ತೆರೆಯಿತು. ರನ್‌ವೇಯ ಉದ್ದ ತಾನಾಗಿಯೇ ವಿಮಾನಗಳನ್ನು ಕರೆತರುವುದಿಲ್ಲ ಎಂಬುದನ್ನು ಆ ನಿಲ್ದಾಣದ ಅನುಭವವೂ ಹೇಳುತ್ತದೆ.

‘ಇಷ್ಟು ಸಣ್ಣ ನಿಲ್ದಾಣಕ್ಕೆ ಇಷ್ಟು ಸೂಕ್ಷ್ಮ ಪರೀಕ್ಷೆ ಏಕೆ, ದಟ್ಟಣೆ ಬಂದಾಗ ನೋಡಿಕೊಳ್ಳೋಣ’ ಎಂಬುದು ಪೂರ್ವಪಕ್ಷದ ಅತ್ಯಂತ ಬಲವಾದ ವಾದ, ಮತ್ತು ಮೇಲ್ನೋಟಕ್ಕೆ ಅದು ಮಿತವ್ಯಯದ ಮಾತೂ ಹೌದು. ಆದರೆ ದೊಡ್ಡ ನಿರ್ಧಾರಗಳು ದಟ್ಟಣೆ ಬರುವ ಮೊದಲೇ ಆಗುತ್ತವೆ. ಸೊಲ್ಲಾಪುರದ ಬಳಿಯ ಬೋರಾಮಣಿಯಲ್ಲಿ ಹೊಸ ನಿಲ್ದಾಣಕ್ಕೆಂದು ರೈತರಿಂದ ನೂರಾರು ಹೆಕ್ಟೇರ್ ಜಮೀನು ಪಡೆದು ಎಷ್ಟೋ ವರ್ಷಗಳಾದವು. ಅರಣ್ಯ ಭೂಮಿಯ ಪ್ರಶ್ನೆಯೂ ಸೇರಿ ಕೆಲಸ ನಿಂತು, ಅಲ್ಲಿಂದ ವಿಮಾನ ಹಾರಲಿಲ್ಲ. ಹಳೆಯ ನಿಲ್ದಾಣ ಸಾಲದು ಎಂದಾಗ ಸಾಲದಿರುವುದು ಗಂಟೆಯ ಸಂಚಾರವೋ, ದೊಡ್ಡ ವಿಮಾನಕ್ಕೆ ಬೇಕಾದ ಉದ್ದವೋ, ಸುತ್ತಲಿನ ಎತ್ತರದ ಅಡ್ಡಿಗಳೋ ಎಂಬುದನ್ನು ಬಿಡಿಸಿ ಹೇಳದೆ ಹೊಲ ಕೇಳುವುದು ಅನ್ಯಾಯ. ಸಕ್ಕರೆ ಕಾರ್ಖಾನೆಯ ಚಿಮಣಿ ಉರುಳಿದಾಗ ನಷ್ಟ ಹೊತ್ತವರು ಸುತ್ತಲಿನ ಕಬ್ಬು ಬೆಳೆಗಾರ ಸದಸ್ಯರು. ಆ ಚಿಮಣಿಯ ತೊಡಕು ಗಂಟೆಯ ಸಾಮರ್ಥ್ಯದ ಯಾವ ಸೂತ್ರದಲ್ಲೂ ಬರುವುದಿಲ್ಲ. ಅದು ರನ್‌ವೇಯ ಸುತ್ತ ಎಷ್ಟು ಎತ್ತರದವರೆಗೆ ಅಡ್ಡಿ ಇರಕೂಡದು ಎಂಬ ಬೇರೊಂದು ನಿಯಮಾವಳಿಗೆ ಸೇರಿದ್ದು. ಎರಡನ್ನೂ ‘ಸಾಮರ್ಥ್ಯ’ ಎಂಬ ಒಂದೇ ಪದದಡಿ ಬೆರೆಸಿ ಮಾತಾಡಿದ್ದರಿಂದ ಊರು ಎರಡು ಪಂಗಡವಾಗಿ ಕಾದಾಡಿತು, ಲೆಕ್ಕ ಮಾತ್ರ ಯಾರ ಮುಂದೆಯೂ ಬರಲಿಲ್ಲ.

ತಪ್ಪಂದಾಜಿನ ಹಾನಿ ಎರಡು ದಿಕ್ಕಿನದು ಎಂಬುದನ್ನೂ ನೆನಪಿಡಬೇಕು. ಹೆಚ್ಚು ಅಂದಾಜಿಸಿದರೆ ವಿಮಾನಗಳು ಆಕಾಶದಲ್ಲಿ ಸುತ್ತುತ್ತವೆ, ಇಂಧನ ಸುಡುತ್ತದೆ, ನಿಯಂತ್ರಕರ ಮೇಲೆ ಒತ್ತಡ ಬೀಳುತ್ತದೆ. ಕಡಿಮೆ ಅಂದಾಜಿಸಿದರೆ ಬೇಡದ ವಿಸ್ತರಣೆಗೆ ಹಣ ಹರಿಯುತ್ತದೆ, ಬೇಡದ ಜಮೀನು ಹೋಗುತ್ತದೆ. ಸಿದ್ಧರಾಮೇಶ್ವರರ ಜಾತ್ರೆಗೆ, ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಕರ್ನಾಟಕದಿಂದಲೂ ಮಹಾರಾಷ್ಟ್ರದ ಮೂಲೆಮೂಲೆಗಳಿಂದಲೂ ಜನ ಬರುವ ಊರಿದು. ಬೇಡಿಕೆ ವರ್ಷವಿಡೀ ಸಮವಾಗಿ ಹರಡಿರುವುದಿಲ್ಲ. ಸರಾಸರಿಯ ಮೇಲೆ ಕಟ್ಟಿದ ಒಂದೇ ಅಂಕಿ ಎರಡೂ ಬಗೆಯ ತಪ್ಪನ್ನು ಮುಚ್ಚಿಡುತ್ತದೆ.

ಆದ್ದರಿಂದ ಜನರ ಹಕ್ಕೊತ್ತಾಯ ಸ್ಪಷ್ಟವಾಗಿರಬೇಕು. ಯಾವುದೇ ವಿಮಾನ ನಿಲ್ದಾಣದ ಸಾಮರ್ಥ್ಯವನ್ನು ಪ್ರಕಟಿಸುವವರು ಅದನ್ನು ಒಂದು ಅಂಕಿಯಾಗಿ ಅಲ್ಲ, ಕನಿಷ್ಠದಿಂದ ಗರಿಷ್ಠದವರೆಗಿನ ಒಂದು ವ್ಯಾಪ್ತಿಯಾಗಿ ಕೊಡಬೇಕು. ಯಾವ ಬಗೆಯ ವಿಮಾನ, ಯಾವ ಹವೆ, ಎಷ್ಟು ಕಾಯುವಿಕೆ ಎಂಬ ಷರತ್ತುಗಳನ್ನು ಅದರ ಪಕ್ಕದಲ್ಲೇ ಬರೆಯಬೇಕು. ಒಳಗಿನ ಊಹೆಗಳಲ್ಲಿ ಯಾವುದನ್ನು ಸ್ಥಳದಲ್ಲೇ ಅಳೆಯಲಾಗಿದೆ, ಯಾವುದನ್ನು ಕೈಪಿಡಿಯಿಂದ ಎತ್ತಿಕೊಳ್ಳಲಾಗಿದೆ ಎಂಬುದನ್ನು ಬೇರ್ಪಡಿಸಿ ತೋರಿಸಬೇಕು. ಮಾದರಿ ಮುಂಚಿತವಾಗಿ ಹೇಳಿದ್ದಕ್ಕೂ ಆಮೇಲೆ ನಡೆದದ್ದಕ್ಕೂ ಇರುವ ಅಂತರವನ್ನು ವರ್ಷಕ್ಕೊಮ್ಮೆ ಕನ್ನಡ ಮತ್ತು ಮರಾಠಿ ಎರಡರಲ್ಲೂ ಜನರ ಮುಂದಿಡಬೇಕು. ಸೊಲ್ಲಾಪುರ ಜಿಲ್ಲೆಯ ಜನಪ್ರತಿನಿಧಿಗಳು, ಬೋರಾಮಣಿಯ ರೈತರು, ಅಕ್ಕಲಕೋಟೆಯ ವ್ಯಾಪಾರಿಗಳು ಇದನ್ನು ಕೇಳುವ ಹಕ್ಕುಳ್ಳವರು, ಮತ್ತು ಕೇಳಲೇಬೇಕು. ಹೀಗೆ ಪರೀಕ್ಷೆಗೆ ಒಳಪಡದ ಅಂಕಿಯ ಆಧಾರದ ಮೇಲೆ ಇನ್ನು ಮುಂದೆ ಒಂದು ಗುಂಟೆ ಜಮೀನನ್ನೂ ತೆಗೆದುಕೊಳ್ಳಬಾರದು.